ಓದುಗರ ಪ್ರಶ್ನೆ, ನಮ್ಮ ಉತ್ತರ: ಕಡಿಮೆ ಖರ್ಚಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರಿಗೆ

ಮನೆಯ ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೆಂದಿರುವ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇವೆ. ಹೆಚ್ಚಿನವರು ಕಾರ್ಡ್‌ನ ಹೆಸರು ಹಿಡಿದು, ಇದು ಒಳ್ಳೆಯದೋ ಅದು ಒಳ್ಳೆಯದೋ ಎಂದು ಕೇಳಿದ್ದಾರೆ. ಖರ್ಚಿಗೆ ಮಿತಿ ಇರುವವರು ಮೊದಲು ಪರೀಕ್ಷಿಸಬೇಕಾದದ್ದು ಕಾರ್ಡನ್ನಲ್ಲ, ತಮ್ಮ ಬಳಿ ಈಗಾಗಲೇ ಇರುವ ಯಂತ್ರವನ್ನು ಎಂಬುದು ನನ್ನ ಖಚಿತ ಅಭಿಪ್ರಾಯವಾದ್ದರಿಂದ ಉತ್ತರಗಳು ಅಲ್ಲಿಂದಲೇ ಆರಂಭವಾಗುತ್ತವೆ.

ಪ್ರಶ್ನೆ: ಕಚೇರಿಯೊಂದರಲ್ಲಿ ಬಳಸಿ ಮಾರಿದ ಸಿದ್ಧ ಕಂಪ್ಯೂಟರ್ ನನ್ನ ಬಳಿ ಇದೆ. ಇಂಟೆಲ್ ಕೋರ್ ಐ5 8500 ಪ್ರೊಸೆಸರ್, 16 ಜಿಬಿ ರ‍್ಯಾಮ್, 260 ವಾಟ್‌ನ ಎಸ್‌ಎಂಪಿಎಸ್, 1080ಪಿ ಮಾನಿಟರ್. ಬಿಡುವಿನಲ್ಲಿ ಗೇಮ್ ಆಡುವ ಆಸೆ. ಇದಕ್ಕೆ ಆರ್‌ಎಕ್ಸ್ 6600 ಹಾಕಿಸಬಹುದೇ? ಆಗದಿದ್ದರೆ ಯಾವುದನ್ನು ಕೊಳ್ಳಲಿ?

ಉತ್ತರ: ಪ್ರೊಸೆಸರ್ ಬಗ್ಗೆ ಚಿಂತೆ ಬೇಡ. ಆರು ಕೋರ್‌ಗಳ ಐ5 8500 ಈ ಮಟ್ಟದ ಕಾರ್ಡ್‌ಗಳ ಜೊತೆ ಬಹುಮಟ್ಟಿಗೆ ಹೊಂದಿಕೊಂಡು ಕೆಲಸ ಮಾಡುತ್ತದೆ. 16 ಜಿಬಿ ರ‍್ಯಾಮ್ ಕೂಡ ಸಾಕು. ತೊಡಕು ಇರುವುದು ಯಂತ್ರಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಲ್ಲಿ, ಮತ್ತು ಅದು ದೊಡ್ಡ ತೊಡಕು.

ಮದರ್‌ಬೋರ್ಡ್ ಮೇಲಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತನ್ನ ಮೂಲಕ ಕಾರ್ಡ್‌ಗೆ ಹೆಚ್ಚೆಂದರೆ 75 ವಾಟ್ ವಿದ್ಯುತ್ ಕೊಡಬಲ್ಲದು. ಅದಕ್ಕಿಂತ ಹೆಚ್ಚು ಬೇಕಾಗುವ ಕಾರ್ಡ್‌ಗಳಿಗೆ ಎಸ್‌ಎಂಪಿಎಸ್‌ನಿಂದ ನೇರವಾಗಿ 6 ಪಿನ್ ಅಥವಾ 8 ಪಿನ್‌ನ ಪ್ರತ್ಯೇಕ ವೈರ್ ಬರಬೇಕು. ಮೊದಲನೆಯದು ಇನ್ನೂ 75 ವಾಟ್, ಎರಡನೆಯದು 150 ವಾಟ್ ಒದಗಿಸುತ್ತದೆ. ಆರ್‌ಎಕ್ಸ್ 6600 ಬಳಸುವುದು 132 ವಾಟ್, ಅದಕ್ಕೆ 8 ಪಿನ್‌ನ ವೈರ್ ಬೇಕು, ತಯಾರಕರು ಸೂಚಿಸುವ ಎಸ್‌ಎಂಪಿಎಸ್ 450 ವಾಟ್‌ನದು. ಕಚೇರಿಗಳಿಗೆಂದು ತಯಾರಾಗುವ ಕಂಪ್ಯೂಟರ್‌ಗಳ ಎಸ್‌ಎಂಪಿಎಸ್‌ನಲ್ಲಿ ಆ ವೈರೇ ಸಾಮಾನ್ಯವಾಗಿ ಇರುವುದಿಲ್ಲ.

ಹಾರ್ಡ್ ಡಿಸ್ಕ್‌ಗೆ ಹೋಗುವ ಸಾಟಾ ವೈರನ್ನು 6 ಅಥವಾ 8 ಪಿನ್‌ಗೆ ಬದಲಾಯಿಸುವ ಅಡಾಪ್ಟರ್‌ಗಳು ಅಗ್ಗವಾಗಿ ಸಿಗುತ್ತವೆ, ಅದನ್ನು ಹಾಕಿಕೊಂಡರಾಯಿತು ಎಂದು ಹೇಳುವವರೂ ಇದ್ದಾರೆ. ದಯವಿಟ್ಟು ಆ ಮಾತನ್ನು ಕೇಳಬೇಡಿ. ಸಾಟಾ ಪ್ಲಗ್‌ನ 12 ವೋಲ್ಟ್ ಪಿನ್‌ಗಳು ಹೊರಬಲ್ಲದ್ದು 4.5 ಆಂಪ್, ಅಂದರೆ 54 ವಾಟ್ ಅಷ್ಟೆ. ಅದರ ಮೇಲೆ 75 ಅಥವಾ 150 ವಾಟ್‌ಗಳ ಹೊರೆ ಹೇರಿದರೆ ಪ್ಲಗ್ ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿ ಹೊತ್ತಿಕೊಳ್ಳುವ ಸಂಭವವೂ ಉಂಟು. ಹಣ ಉಳಿಸಲು ಮಾಡಬಾರದ ಕೆಲಸಗಳಲ್ಲಿ ಇದನ್ನು ನಾನು ಮೊದಲನೆಯದಾಗಿ ಇಡುತ್ತೇನೆ.

ಎಸ್‌ಎಂಪಿಎಸ್ಸನ್ನೇ ಬದಲಾಯಿಸಬಹುದಲ್ಲವೇ ಎಂದು ನೀವು ಕೇಳಬಹುದು. ಬದಲಾಯಿಸಬಹುದು, ಆದರೆ ಮೊದಲು ಕ್ಯಾಬಿನೆಟ್‌ನ ಪಕ್ಕದ ತಗಡನ್ನು ತೆಗೆದು ಮದರ್‌ಬೋರ್ಡ್‌ಗೆ ಹೋಗುವ ಮುಖ್ಯ ಪ್ಲಗ್ ನೋಡಿ. ಅದು 24 ಪಿನ್‌ನದಾಗಿದ್ದರೆ ಎಲ್ಲೆಡೆ ಸಿಗುವ ಎಟಿಎಕ್ಸ್ ಮಾದರಿ ಹೊಂದುತ್ತದೆ. ಸಿದ್ಧ ಕಂಪ್ಯೂಟರ್ ತಯಾರಿಸುವ ದೊಡ್ಡ ಕಂಪನಿಗಳು ಅನೇಕ ಮಾದರಿಗಳಲ್ಲಿ ಅದಕ್ಕಿಂತ ಕಡಿಮೆ ಪಿನ್‌ಗಳ ತಮ್ಮದೇ ಪ್ಲಗ್ ಮತ್ತು ತಮ್ಮದೇ ಆಕಾರದ ಎಸ್‌ಎಂಪಿಎಸ್ ಬಳಸಿರುತ್ತವೆ. ಹಾಗಿದ್ದಲ್ಲಿ ಎಸ್‌ಎಂಪಿಎಸ್, ಅಡಾಪ್ಟರ್, ಕೆಲವೊಮ್ಮೆ ಕ್ಯಾಬಿನೆಟ್ಟೂ ಸೇರಿ ಖರ್ಚು ಕಾರ್ಡ್‌ನ ಬೆಲೆಯ ಹತ್ತಿರಕ್ಕೆ ಹೋಗುತ್ತದೆ.

ಎಸ್‌ಎಂಪಿಎಸ್‌ನ ಲೇಬಲ್ ಓದುವುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿದ ವಾಟ್ ಸಂಖ್ಯೆಯನ್ನು ನಂಬಿ ಮೋಸಹೋಗುವವರು ಬಹಳ. ಲೇಬಲ್‌ನ ಕೋಷ್ಟಕದಲ್ಲಿ 12 ವೋಲ್ಟ್ ಎಂಬ ಅಂಕಣದ ಕೆಳಗಿನ ಆಂಪ್ ಸಂಖ್ಯೆಯನ್ನು 12ರಿಂದ ಗುಣಿಸಿ. ಅಗ್ಗದ ಎಸ್‌ಎಂಪಿಎಸ್ ಒಂದರ ಮೇಲೆ 450 ವಾಟ್ ಎಂದು ಬರೆದಿದ್ದು, ಆ ಅಂಕಣದಲ್ಲಿ 18 ಆಂಪ್ ಎಂದಿದ್ದರೆ, ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡಕ್ಕೂ ಅದರಿಂದ ಸಿಗುವುದು 216 ವಾಟ್ ಮಾತ್ರ. 130 ವಾಟ್‌ನ ಕಾರ್ಡ್, 65 ವಾಟ್‌ನ ಪ್ರೊಸೆಸರ್, ಫ್ಯಾನು ಡಿಸ್ಕುಗಳೆಲ್ಲ ಸೇರಿದರೆ ಅಂಚಿಗೆ ಬಂದು ನಿಂತಂತೆಯೇ. 12 ವೋಲ್ಟ್‌ನ ಅಂಕಣ ಎರಡಿದ್ದರೆ ಎರಡನ್ನೂ ಕೂಡಬೇಡಿ. ಒಟ್ಟು ಎಷ್ಟು ಎಂದು ಕೆಳಗೆ ಬೇರೆ ಸಾಲಿನಲ್ಲಿ ಬರೆದಿರುತ್ತಾರೆ. 80 ಪ್ಲಸ್ ಎಂಬ ಗುರುತು ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಒಳಗಿನ ಬಿಡಿಭಾಗಗಳ ಗುಣಮಟ್ಟಕ್ಕೆ ಅದು ಖಾತರಿಯಲ್ಲ.

ಈಗ ನಿಮಗೆ ಉಳಿಯುವ ದಾರಿ ಸ್ಲಾಟ್‌ನ 75 ವಾಟ್‌ನೊಳಗೇ ಕೆಲಸ ಮಾಡುವ ಕಾರ್ಡ್. ಅವುಗಳಲ್ಲಿ ನಾನು ಮೊದಲು ಹೇಳುವುದು 2024ರ ಫೆಬ್ರವರಿಯಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ. ಅದಕ್ಕೆ 70 ವಾಟ್ ಸಾಕು, ಹೆಚ್ಚಿನ ಕಂಪನಿಗಳ ಕಾರ್ಡ್‌ಗಳಲ್ಲಿ ಪ್ರತ್ಯೇಕ ವೈರ್ ಬೇಡ, ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ರಚಿಸಿ ಅದನ್ನು ಹಿಗ್ಗಿಸಿ ತೋರಿಸುವ ಡಿಎಲ್‌ಎಸ್‌ಎಸ್ ಸೌಲಭ್ಯವೂ ಇದೆ. ಕೊಳ್ಳುವಾಗ ಒಂದು ಎಚ್ಚರ ಬೇಕು. 2022ರ ಜನವರಿಯಲ್ಲಿ ಬಂದ 8 ಜಿಬಿಯ ಆರ್‌ಟಿಎಕ್ಸ್ 3050 ಹೆಸರಿನಲ್ಲಿ ಇದರ ಅವಳಿಯಾದರೂ ಕಾರ್ಡ್ ಬೇರೆಯೇ: ಅದರಲ್ಲಿ 2560 ಕೋರ್‌ಗಳು, ಇದರಲ್ಲಿ 2304, ಅದು ಬಳಸುವುದು 130 ವಾಟ್. ಅದು ಇದಕ್ಕಿಂತ ವೇಗದ್ದು ನಿಜ, ಆದರೆ ನಿಮ್ಮ ಯಂತ್ರಕ್ಕೆ ಹೊಂದುವುದಿಲ್ಲ. ಪೆಟ್ಟಿಗೆಯ ಮೇಲಿನ ಜಿಬಿ ಸಂಖ್ಯೆ ಓದಿ ಖಚಿತಪಡಿಸಿಕೊಂಡೇ ಹಣ ಕೊಡಿ.

ಅಷ್ಟು ಹಣವಿಲ್ಲದಿದ್ದರೆ 2019ರ ಜಿಟಿಎಕ್ಸ್ 1650 ಇದೆ. 4 ಜಿಬಿ, 75 ವಾಟ್. ಕೆಲವು ಕಂಪನಿಗಳು ಇದಕ್ಕೂ 6 ಪಿನ್ ಇಟ್ಟಿರುವುದರಿಂದ ಕಾರ್ಡ್‌ನ ಚಿತ್ರ ನೋಡಿ ಕೊಳ್ಳಬೇಕು. ಎಎಂಡಿಯ ಆರ್‌ಎಕ್ಸ್ 6400 ಕೇವಲ 53 ವಾಟ್ ಬಳಸುತ್ತದೆ, ಚಿಕ್ಕ ಕ್ಯಾಬಿನೆಟ್‌ಗೂ ಹಿಡಿಸುತ್ತದೆ, ಆದರೂ ನಿಮಗೆ ಅದನ್ನು ಸೂಚಿಸಲಾರೆ. ಅದು ಮದರ್‌ಬೋರ್ಡ್ ಜೊತೆ ನಾಲ್ಕೇ ಪಥಗಳಲ್ಲಿ ಮಾತನಾಡುವ ಕಾರ್ಡ್. ಪಿಸಿಐ ಎಕ್ಸ್‌ಪ್ರೆಸ್‌ನ 4ನೇ ಆವೃತ್ತಿಯಲ್ಲಿ ಅದು ನಡೆಯುತ್ತದೆ. ನಿಮ್ಮ 8ನೇ ತಲೆಮಾರಿನ ಇಂಟೆಲ್ ಯಂತ್ರದಲ್ಲಿರುವುದು 3ನೇ ಆವೃತ್ತಿ, ಅಲ್ಲಿ ಆ ನಾಲ್ಕು ಪಥಗಳ ವೇಗ ಅರ್ಧಕ್ಕೆ ಇಳಿದು ಸೆಕೆಂಡಿಗೆ ಸುಮಾರು 4 ಜಿಬಿಗೆ ನಿಲ್ಲುತ್ತದೆ. 4 ಜಿಬಿ ಮೆಮೊರಿ ತುಂಬಿದ ಕ್ಷಣದಿಂದ ಗೇಮ್ ತಡವರಿಸಲು ತೊಡಗುತ್ತದೆ. ವಿಡಿಯೊವನ್ನು ಕುಗ್ಗಿಸಿ ಫೈಲ್ ಮಾಡುವ, ಅಂದರೆ ಎನ್‌ಕೋಡ್ ಮಾಡುವ ಘಟಕವನ್ನೂ ಅದರಲ್ಲಿ ಇಟ್ಟಿಲ್ಲ. ಇಂಟೆಲ್‌ನ ಆರ್ಕ್ ಎ380ರಲ್ಲಿ 6 ಜಿಬಿ ಮೆಮೊರಿಯೂ ಒಳ್ಳೆಯ ವಿಡಿಯೊ ಘಟಕವೂ ಇವೆಯಾದರೂ, ಯಂತ್ರ ಆರಂಭವಾಗುವಾಗ ಓಡುವ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ, ಕಾರ್ಡ್‌ನ ಇಡೀ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಗೇ ಬಳಸಲು ಬಿಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಇಲ್ಲದ ಹಳೆಯ ಯಂತ್ರಗಳಲ್ಲಿ ಆರ್ಕ್ ಕಾರ್ಡ್‌ಗಳ ವೇಗ ಬಹಳ ಕುಸಿಯುತ್ತದೆ.

ಕೊನೆಯದಾಗಿ ಅಳತೆ. ನಿಮ್ಮ ಕ್ಯಾಬಿನೆಟ್ ತೆಳ್ಳಗಿನದಾದರೆ ಲೋ ಪ್ರೊಫೈಲ್ ಕಾರ್ಡ್ ಮತ್ತು ಅದರ ಗಿಡ್ಡ ಬ್ರಾಕೆಟ್ ಬೇಕು. ಎತ್ತರದ್ದಾದರೂ ಸ್ಲಾಟ್‌ನಿಂದ ಡಿಸ್ಕ್ ಕೂರಿಸುವ ಚೌಕಟ್ಟಿನವರೆಗೆ ಎಷ್ಟು ಮಿಲಿಮೀಟರ್ ಇದೆ ಎಂದು ಸ್ಕೇಲಿನಿಂದ ಅಳೆದು, ಕಾರ್ಡ್‌ನ ಉದ್ದದ ಜೊತೆ ಹೋಲಿಸಿ. ಮುಂದೊಂದು ದಿನ ಕ್ಯಾಬಿನೆಟ್, ಎಸ್‌ಎಂಪಿಎಸ್ ಎರಡನ್ನೂ ಬದಲಾಯಿಸುವ ಯೋಜನೆ ಖಂಡಿತವಾಗಿ ಇದ್ದರೆ, ಅಲ್ಲಿಯವರೆಗೆ ಕಾದು ನೀವು ಬಯಸಿದ ಆರ್‌ಎಕ್ಸ್ 6600 ಅನ್ನೇ ಕೊಳ್ಳಿ. ಗೇಮ್‌ಗಳಲ್ಲಿ ಅದು ಎರಡೂ 3050ಗಳಿಗಿಂತ ಸ್ಪಷ್ಟವಾಗಿ ಮುಂದಿದೆ.

ಪ್ರಶ್ನೆ: 4 ಜಿಬಿಯ ಜಿಟಿ 730 ಮತ್ತು 4 ಜಿಬಿಯ ಜಿಟಿಎಕ್ಸ್ 1650 ಎರಡನ್ನೂ ನೋಡಿದೆ. ಬೆಲೆಯಲ್ಲಿ ತುಂಬ ವ್ಯತ್ಯಾಸವಿದೆ. ಮೆಮೊರಿ ಒಂದೇ ಆಗಿರುವಾಗ ಅಗ್ಗದ್ದನ್ನು ಏಕೆ ಕೊಳ್ಳಬಾರದು?

ಉತ್ತರ: ಮೆಮೊರಿ ಒಂದೇ ಅಲ್ಲ, ಅದರ ಗಾತ್ರ ಮಾತ್ರ ಒಂದೇ. ತೊಟ್ಟಿ ಎಷ್ಟು ದೊಡ್ಡದಾದರೇನು, ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಬಿಂದಿಗೆ ತುಂಬುವುದು ನಿಧಾನವೇ. ಜಿಟಿಎಕ್ಸ್ 1650ರ ಮೊದಲ ಮಾದರಿಯಲ್ಲಿ ಮೆಮೊರಿಯಿಂದ ಚಿಪ್‌ಗೆ ಸೆಕೆಂಡಿಗೆ 128 ಜಿಬಿ ಮಾಹಿತಿ ಹರಿಯುತ್ತದೆ, ಜಿಡಿಡಿಆರ್6 ಮೆಮೊರಿಯ ನಂತರದ ಮಾದರಿಯಲ್ಲಿ 192 ಜಿಬಿ. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಯ ಕಾರ್ಡ್‌ಗಳು ಬಂದಿದ್ದು, ಚಿಪ್‌ಗೂ ಮೆಮೊರಿಗೂ ನಡುವಿನ ದಾರಿ 64 ಬಿಟ್ ಅಗಲವಿರುವ ಡಿಡಿಆರ್3 ಬಗೆಯಲ್ಲಿ ಆ ಹರಿವು ಸುಮಾರು 14 ಜಿಬಿ ಮಾತ್ರ. ಅದರ ಚಿಪ್ ಗೇಮ್ ಒಂದರ 4 ಜಿಬಿ ಮಾಹಿತಿಯನ್ನು ಸಂಸ್ಕರಿಸುವ ಶಕ್ತಿಯದ್ದೇ ಅಲ್ಲ. ಅಷ್ಟು ಮೆಮೊರಿ ಅಲ್ಲಿರುವುದು ಪೆಟ್ಟಿಗೆಯ ಮೇಲೆ ಮುದ್ರಿಸುವುದಕ್ಕೆ. ಇಂಥ ಕಾರ್ಡ್‌ಗಳನ್ನು ಗೇಮ್‌ಗೆ ತಕ್ಕವೆಂದು ಇಂದಿಗೂ ಮಾರುವುದು ನನಗೆ ಸರಿ ಕಾಣುವುದಿಲ್ಲ. ಇದು 2014ರ ಕಾರ್ಡ್, ಇದರ ಚಿಪ್‌ಗಳ ತಲೆಮಾರಿಗೆ ಎನ್‌ವಿಡಿಯಾ ಹೊಸ ಗೇಮ್‌ಗಳ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಕೊಡುವುದನ್ನು 2021ರ ಹೊತ್ತಿಗೇ ನಿಲ್ಲಿಸಿದೆ.

ಇದೇ ಬಗೆಯ ಇನ್ನೊಂದು ಉದಾಹರಣೆ ಜಿಟಿ 1030. 2017ರಲ್ಲಿ ಅದು ಜಿಡಿಡಿಆರ್5 ಮೆಮೊರಿಯೊಂದಿಗೆ ಬಂದಾಗ ಸೆಕೆಂಡಿಗೆ 48 ಜಿಬಿಯ ಹರಿವಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯ ಕಾರ್ಡ್ ಬಂದಿತು, ಹರಿವು 16.8 ಜಿಬಿಗೆ ಇಳಿಯಿತು. ಆದ್ದರಿಂದ ಎಷ್ಟು ಜಿಬಿ ಎಂದು ಕೇಳುವ ಮೊದಲು ಯಾವ ಬಗೆಯ ಮೆಮೊರಿ, ಎಷ್ಟು ಬಿಟ್ ಎಂದು ಕೇಳಿ. ಡಿಡಿಆರ್ ಎಂಬುದರ ಹಿಂದೆ ಜಿ ಅಕ್ಷರ ಇಲ್ಲದ ಕಾರ್ಡ್ ಗೇಮ್‌ಗೆ ಬೇಡವೇ ಬೇಡ.

ಹಾಗೆಂದು ಗಾತ್ರ ಮುಖ್ಯವಲ್ಲ ಎಂದಲ್ಲ. ಚಿಪ್‌ಗೆ ಶಕ್ತಿ ಇರುವ ಕಡೆ ಗಾತ್ರವೂ ಬೇಕು. ಹಳೆಯ ಗೇಮ್‌ಗಳಿಗೂ ಬಹಳ ಜನ ಸೇರಿ ಆಡುವ ಆನ್‌ಲೈನ್ ಗೇಮ್‌ಗಳಿಗೂ 1080ಪಿಯಲ್ಲಿ 4 ಜಿಬಿ ಸಾಲುತ್ತದೆ. ಈಚಿನ ದೊಡ್ಡ ಗೇಮ್‌ಗಳಲ್ಲಿ ಚಿತ್ರದ ಗುಣಮಟ್ಟವನ್ನು ಬಹಳ ಇಳಿಸದೆ ಆಡಬೇಕೆಂದರೆ 8 ಜಿಬಿಯನ್ನು ಆರಂಭದ ಅಳತೆಯಾಗಿ ಇಟ್ಟುಕೊಳ್ಳಿ. ಮೆಮೊರಿ ಸಾಲದಾದಾಗ ಸರಾಸರಿ ವೇಗಕ್ಕಿಂತ ಹೆಚ್ಚಾಗಿ ನಡುನಡುವೆ ಬರುವ ತಡೆ, ಮಸುಕಾಗಿಯೇ ಉಳಿಯುವ ಗೋಡೆ ನೆಲಗಳ ಚಿತ್ರ ಕಣ್ಣಿಗೆ ಬೀಳುತ್ತವೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಂಡರೆ ಅದೇ ಹಣಕ್ಕೆ ಹೆಚ್ಚು ಶಕ್ತಿಯದ್ದು ಸಿಗುತ್ತದೆ ಎನ್ನುತ್ತಾರೆ. ಕ್ರಿಪ್ಟೊ ಮೈನಿಂಗ್‌ಗೆ ಬಳಸಿದ ಕಾರ್ಡ್ ಆಗಿರಬಹುದೆಂಬ ಭಯ. ಏನು ಮಾಡಲಿ?

ಉತ್ತರ: ಸಿಗುತ್ತದೆ ಎಂಬುದು ನಿಜ, ಭಯಕ್ಕೂ ಕಾರಣವಿದೆ. ಎಥೀರಿಯಂ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡ್‌ಗಳಿಂದ ಗಳಿಸುವ ವ್ಯವಸ್ಥೆ 2022ರ ಸೆಪ್ಟೆಂಬರ್ 15ರಂದು ಕೊನೆಗೊಂಡಿತು. ಹಗಲಿರುಳು ಓಡಿದ ಕಾರ್ಡ್‌ಗಳು ಆಗ ಹೇರಳವಾಗಿ ಮಾರಾಟಕ್ಕೆ ಬಂದವು, ಇಂದಿಗೂ ಕೈಯಿಂದ ಕೈಗೆ ಸಾಗುತ್ತಿವೆ. ಮೈನಿಂಗ್‌ನಲ್ಲಿ ಚಿಪ್ ಅಷ್ಟಾಗಿ ಬಳಲುವುದಿಲ್ಲ. ಸವೆಯುವುದು ಫ್ಯಾನ್‌ಗಳ ಬೇರಿಂಗ್, ಒಣಗುವುದು ಚಿಪ್‌ನ ಬಿಸಿಯನ್ನು ಸಾಗಿಸುವ ಥರ್ಮಲ್ ಪೇಸ್ಟ್, ಕಾದು ದುರ್ಬಲವಾಗುವುದು ಮೆಮೊರಿ ಚಿಪ್‌ಗಳು. ಫ್ಯಾನೂ ಪೇಸ್ಟೂ ಬದಲಾಯಿಸಬಹುದಾದವು. ಮೆಮೊರಿ ಹಾಳಾದರೆ ಮನೆಯಲ್ಲಿ ಮಾಡುವಂಥದ್ದೇನೂ ಇಲ್ಲ.

ಕಾರ್ಡನ್ನು ಓಡುವ ಕಂಪ್ಯೂಟರ್‌ನಲ್ಲಿ ಕಾಣದೆ ಕೊಳ್ಳಬೇಡಿ. ಮೊದಲು ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವನ್ನು ತೆರೆದು, ಚಿಪ್‌ನ ಹೆಸರು, ಕೋರ್‌ಗಳ ಸಂಖ್ಯೆ, ಮೆಮೊರಿಯ ಬಗೆ ಇವು ಮಾರುವವರು ಹೇಳಿದ್ದಕ್ಕೆ ತಾಳೆಯಾಗುತ್ತವೆಯೇ ನೋಡಿ. ಈ ಹೆಜ್ಜೆಯನ್ನು ಒತ್ತಿ ಹೇಳಲು ಕಾರಣವಿದೆ. 2010ರ ಜಿಟಿಎಸ್ 450ರ ಬಯಾಸನ್ನು ತಿದ್ದಿ ಜಿಟಿಎಕ್ಸ್ 1050 ಟಿಐ ಎಂದು ಮಾರಿರುವುದುಂಟು, ಇಂಥವುಗಳನ್ನು ಈ ತಂತ್ರಾಂಶ ನಕಲಿ ಎಂದು ಹೆಸರಿನ ಮುಂದೆಯೇ ತೋರಿಸುತ್ತದೆ. ಆರ್‌ಎಕ್ಸ್ 580 ಎಂದು ಮಾರಾಟವಾಗುವ ಕೆಲವು ಕಾರ್ಡ್‌ಗಳ ವಿಷಯವಂತೂ ಇನ್ನೂ ಸೂಕ್ಷ್ಮವಾದದ್ದು, ಅವು ನಕಲಿಯಲ್ಲ, ಆದರೆ ಮೂಲ 580ರಲ್ಲಿರುವ 2304 ಘಟಕಗಳ ಬದಲು ಅವುಗಳಲ್ಲಿ 2048 ಇರುತ್ತವೆ, ಅಂದರೆ ಶಕ್ತಿಯಲ್ಲಿ ಅದು 570.

ಆಮೇಲೆ ಫರ್‌ಮಾರ್ಕ್‌ನಂಥ ಪರೀಕ್ಷೆಯನ್ನೋ ಭಾರಿ ಗೇಮ್ ಒಂದನ್ನೋ ಅರ್ಧ ಗಂಟೆ ಓಡಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ, ಚೌಕಗಳು ಕಂಡರೆ ಮೆಮೊರಿ ಕೆಟ್ಟಿದೆ ಎಂದು ತಿಳಿದು ಎದ್ದುಬನ್ನಿ. ಫ್ಯಾನ್‌ಗಳೆಲ್ಲ ಒಂದೇ ಸಮನೆ ತಿರುಗುತ್ತಿವೆಯೇ, ಕರಕರ ಸದ್ದಿದೆಯೇ ಕೇಳಿಸಿಕೊಳ್ಳಿ. ಹಿಂಬದಿಯ ಪ್ರತಿಯೊಂದು ಪೋರ್ಟ್‌ಗೂ ಕೇಬಲ್ ಚುಚ್ಚಿ ಚಿತ್ರ ಬರುವುದನ್ನು ನೋಡಿ.

ಹತ್ತನೇ ಸರಣಿಯ ಜಿಟಿಎಕ್ಸ್ ಕಾರ್ಡ್‌ಗಳು, ಎಂದರೆ 1050 ಟಿಐ, 1060, 1070 ಮುಂತಾದವು, ಸೆಕೆಂಡ್ ಹ್ಯಾಂಡ್‌ನಲ್ಲಿ ಆಕರ್ಷಕವಾಗಿ ಕಾಣುತ್ತವೆ. ಆದರೆ ಹೊಸ ಗೇಮ್‌ಗಳಿಗಾಗಿ ಅವುಗಳ ಡ್ರೈವರನ್ನು ಸಿದ್ಧಪಡಿಸುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರ್‌ಗೆ ನಿಲ್ಲಿಸಿದೆ. ಇನ್ನು ಬರುವುದು ಸುರಕ್ಷತೆಯ ಪರಿಷ್ಕರಣೆ ಮಾತ್ರ. ಬೆಳಕಿನ ಕಿರಣಗಳ ದಾರಿಯನ್ನು ಲೆಕ್ಕಹಾಕಿ ಚಿತ್ರ ಮೂಡಿಸುವ ರೇ ಟ್ರೇಸಿಂಗ್ ಘಟಕ ಇಲ್ಲದ ಕಾರ್ಡ್‌ಗಳಲ್ಲಿ ತೆರೆದುಕೊಳ್ಳದ ಗೇಮ್‌ಗಳೂ ಈಗಾಗಲೇ ಬಂದಿವೆ. ನನ್ನ ಆಯ್ಕೆ ಕೇಳಿದರೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಆರ್‌ಎಕ್ಸ್ 6600 ಅಥವಾ 12 ಜಿಬಿಯ ಆರ್‌ಟಿಎಕ್ಸ್ 3060, ಅದೂ ಬಿಲ್ ಮತ್ತು ಉಳಿದ ವಾರಂಟಿ ಸಹಿತ ಸಿಕ್ಕರೆ.

ಪ್ರಶ್ನೆ: ರೈಜೆನ್ 5 5600ಜಿ ಪ್ರೊಸೆಸರ್ ಇರುವ ಕಂಪ್ಯೂಟರ್‌ನಲ್ಲಿ ಪಾಠದ ವಿಡಿಯೊಗಳನ್ನು ಎಡಿಟ್ ಮಾಡುತ್ತೇನೆ, ಮಕ್ಕಳು ಸಣ್ಣಪುಟ್ಟ ಗೇಮ್ ಆಡುತ್ತಾರೆ. ಎಲ್ಲವೂ ನಿಧಾನ. 8 ಜಿಬಿಯ ಒಂದು ರ‍್ಯಾಮ್ ಇದೆ. ಯಾವ ಕಾರ್ಡ್ ಹಾಕಲಿ?

ಉತ್ತರ: ಸದ್ಯಕ್ಕೆ ಕಾರ್ಡ್ ಕೊಳ್ಳಬೇಡಿ, ಈಗಿರುವಂಥದ್ದೇ ಇನ್ನೊಂದು 8 ಜಿಬಿ ರ‍್ಯಾಮ್ ಕೊಂಡು ಹಾಕಿ. ನಿಮ್ಮ ಪ್ರೊಸೆಸರ್‌ನೊಳಗೇ ಗ್ರಾಫಿಕ್ಸ್ ಘಟಕವಿದೆ, ಅದಕ್ಕೆ ಸ್ವಂತ ಮೆಮೊರಿ ಇಲ್ಲದಿರುವುದರಿಂದ ಅದು ಕಂಪ್ಯೂಟರ್‌ನ ರ‍್ಯಾಮನ್ನೇ ಹಂಚಿಕೊಂಡು ಬಳಸುತ್ತದೆ. ಒಂದೇ ರ‍್ಯಾಮ್ ಇದ್ದಾಗ ಡಿಡಿಆರ್4 3200ರ ಹರಿವು ಸೆಕೆಂಡಿಗೆ 25.6 ಜಿಬಿ. ಎರಡನ್ನು ಸರಿಯಾದ ಸ್ಲಾಟ್‌ಗಳಲ್ಲಿ, ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎರಡನೆಯ ಮತ್ತು ನಾಲ್ಕನೆಯದರಲ್ಲಿ, ಕೂರಿಸಿದರೆ ಅದು 51.2 ಜಿಬಿ ಆಗುತ್ತದೆ. ಎರಡೇ ಸ್ಲಾಟ್ ಇದ್ದರೆ ಎರಡನ್ನೂ ತುಂಬಿ. ಗೇಮ್‌ಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ಎಡಿಟಿಂಗ್‌ಗಂತೂ 8 ಜಿಬಿ ರ‍್ಯಾಮ್ ಏನೇನೂ ಸಾಲದು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಎಂಬ ಆಯ್ಕೆಯನ್ನು ಆನ್ ಮಾಡದಿದ್ದರೆ 3200ರ ರ‍್ಯಾಮ್ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ, ಅದನ್ನೂ ನೋಡಿಕೊಳ್ಳಿ.

ಇಷ್ಟಾದ ಮೇಲೂ ಎಡಿಟಿಂಗ್ ನಿಧಾನವೆನಿಸಿದರೆ ಆಗ ಕಾರ್ಡ್. ನೀವು ಬಳಸುವ ತಂತ್ರಾಂಶ ಯಾವ ಕಂಪನಿಯ ಕಾರ್ಡ್‌ಗೆ ಒಲಿದಿದೆ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಗೇಮ್ ಅಲ್ಲದ ಕೆಲಸಗಳಿಗೂ ಕಾರ್ಡ್‌ನ ಶಕ್ತಿಯನ್ನು ಬಳಸಲು ನೆರವಾಗುವ ಎನ್‌ವಿಡಿಯಾದ ಕುಡಾ ವ್ಯವಸ್ಥೆಗೆ ಬೆಂಬಲ ಹೆಚ್ಚು ಕಡೆ ಇರುವುದರಿಂದ ಎಡಿಟಿಂಗ್‌ಗೂ ಬ್ಲೆಂಡರ್‌ನಂಥ ತ್ರಿಡಿ ತಂತ್ರಾಂಶಕ್ಕೂ ಆರ್‌ಟಿಎಕ್ಸ್ ಸರಣಿ ನಿರಾತಂಕವಾದ ದಾರಿ. ಕ್ಯಾಮೆರಾ 10 ಬಿಟ್ 4:2:2 ಬಗೆಯ ಎಚ್.265 ವಿಡಿಯೊ ಕೊಡುವಂಥದ್ದಾದರೆ ಲೆಕ್ಕ ಬದಲಾಗುತ್ತದೆ. ಅಂಥ ವಿಡಿಯೊವನ್ನು ಸರಾಗವಾಗಿ ಬಿಡಿಸುವ ಘಟಕ ಇಂಟೆಲ್‌ನ ಆರ್ಕ್ ಕಾರ್ಡ್‌ಗಳಲ್ಲಿದೆ, ಎನ್‌ವಿಡಿಯಾದಲ್ಲಿ ಅದು ಬಂದದ್ದು ಆರ್‌ಟಿಎಕ್ಸ್ 50ನೇ ಸರಣಿಯಿಂದ.

ಪ್ರಶ್ನೆ: ಕಾರ್ಡ್ ಹಾಕಿಸಿದರೂ ಗೇಮ್ ಮೊದಲಿನಷ್ಟೇ ನಿಧಾನ. ಕಾರ್ಡ್ ಕೆಟ್ಟಿದೆಯೇ? ಮಾನಿಟರ್ ಹಳೆಯದು, ವಿಜಿಎ ಕೇಬಲ್‌ನದು.

ಉತ್ತರ: ಕೆಟ್ಟಿರಲಾರದು. ಕ್ಯಾಬಿನೆಟ್ ಹಿಂಬದಿಯಲ್ಲಿ ಕೇಬಲ್ ಎಲ್ಲಿಗೆ ಹೋಗಿದೆ ನೋಡಿ. ಯುಎಸ್‌ಬಿ ಪೋರ್ಟ್‌ಗಳ ಸಾಲಿನಲ್ಲೇ ಇರುವ ವಿಜಿಎಗೆ ಚುಚ್ಚಿದ್ದರೆ ಅದು ಮದರ್‌ಬೋರ್ಡ್‌ನದು, ಅಂದರೆ ಕಾರ್ಡ್ ಸುಮ್ಮನೆ ಕುಳಿತಿದೆ. ಇಂದಿನ ಕಾರ್ಡ್‌ಗಳಲ್ಲಿ ವಿಜಿಎ ಇರುವುದಿಲ್ಲವಾದ್ದರಿಂದ, ಕೇಬಲ್ ಹೊಂದಲಿಲ್ಲವೆಂದು ಕಾರ್ಡ್ ಹಾಕಿದವರು ಅದನ್ನು ಹಳೆಯ ಜಾಗದಲ್ಲೇ ಬಿಟ್ಟಿರುವುದು ಸಂಭವ. ಕಾರ್ಡ್‌ನ ಎಚ್‌ಡಿಎಂಐನಿಂದ ವಿಜಿಎಗೆ ಬದಲಾಯಿಸುವ, ಒಳಗೆ ಚಿಪ್ ಇರುವ ಅಡಾಪ್ಟರ್ ತಂದು ಹಾಕಿ. ಚಿಪ್ ಇಲ್ಲದ ಬರಿಯ ಕೇಬಲ್‌ನಿಂದ ಚಿತ್ರ ಬರುವುದಿಲ್ಲ.

ಕೇಬಲ್ ಸರಿಯಾದ ಮೇಲೂ ನಿಧಾನವಿದ್ದರೆ ಗೇಮ್ ಆಡುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಕಾರ್ಡ್‌ನ ಬಳಕೆ ಎಷ್ಟೆಂದು ಗಮನಿಸಿ. ಶೇಕಡಾ 95ರ ಆಸುಪಾಸಿನಲ್ಲಿದ್ದರೆ ಕಾರ್ಡ್ ತನ್ನ ಪೂರ್ಣ ಶಕ್ತಿಯಿಂದ ದುಡಿಯುತ್ತಿದೆ, ಗೇಮ್‌ನ ಸೆಟ್ಟಿಂಗ್ ಇಳಿಸಬೇಕು. 50 ಅಥವಾ 60ರಲ್ಲೇ ಇದ್ದು, ರೆಸಲ್ಯೂಶನ್ ಇಳಿಸಿದರೂ ವೇಗ ಏರದಿದ್ದರೆ ಕಾರ್ಡನ್ನು ಪ್ರೊಸೆಸರ್ ಹಿಡಿದು ನಿಲ್ಲಿಸಿದೆ ಎಂದರ್ಥ. ಆಗ ಇನ್ನೂ ದೊಡ್ಡ ಕಾರ್ಡ್ ತಂದರೂ ಪ್ರಯೋಜನವಾಗದು.